ಪದಚರ್ಚೆ: ಕಳ್ಳತನವೂ ‘ಕಾಯಕ’ವೇ?

ಗೆಳೆಯರೇ,

‘ಸರಗಳ್ಳತನವನ್ನೇ ಕಾಯಕ ಮಾಡಿಕೊಂಡಿದ್ದ ಆರೋಪಿ’ ಎಂಬಂಥ ಸಾಲುಗಳು ಅಪರಾಧ ಸುದ್ದಿಗಳಲ್ಲಿ ಆಗಾಗ ಕಾಣುತ್ತವೆ. ವ್ಯಂಗ್ಯವೇನಲ್ಲ, ಸುಮ್ನೆ ‘ದಂಧೆ’ ಎಂಬ ಅರ್ಥ. ಈ ಬಳಕೆ ಸರಿಯೇ?

ನನಗಂತೂ ಒಪ್ಪಿಗೆಯಿಲ್ಲ. ಕಾಯ ಅಂದರೆ ಮೈ, ಮೈಮುರಿದು ಮಾಡುವುದು ಕಾಯಕ ಅಂತ ಬಿಡಿಸಿ ಹೇಳಿದರೆ ಸಾಲದು. ಗೋಡೆ ಕೊರೆಯುವವನೂ ಮೈ ಮುರಿಯುತ್ತಾನೆ! 12ನೇ ಶತಮಾನದ ಶರಣರು ಈ ಮಾತಿನಲ್ಲಿ ಇನ್ನೂ ಏನೇನೋ ತುಂಬಿದರು. ‘ಕಾಯಕವೇ ಕೈಲಾಸ’ ಬಸವಣ್ಣನ ಮಾತು ಅಂತಲೇ ಎಷ್ಟೋ ಜನ ನಂಬಿದ್ದಾರೆ; ಅದು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಚೆಲ್ಲಿದ ಅಕ್ಕಿ ಆಯ್ದು ತರುವುದು ಅವನ ಕೆಲಸ. ಒಂದು ದಿನ ಜಾಸ್ತಿ ತಂದನಂತೆ. ಹೆಂಡತಿ ಲಕ್ಕಮ್ಮ ಬಿಡಲಿಲ್ಲ: ‘ಆಸೆಯೆಂಬುದು ಅರಸಿಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ?’ ಕದ್ದ ಅಕ್ಕಿಯಲ್ಲ, ಬಗ್ಗಿ ಆಯ್ದದ್ದೇ. ಆದರೂ ಬೇಕಾದ್ದಕ್ಕಿಂತ ಹೆಚ್ಚಾದರೆ ಅದು ಕಾಯಕವಲ್ಲ. ದಾಸೋಹವಂತೂ ಅದರ ಜೊತೆಗೇ ಇತ್ತು. ಮೇದರ ಕೇತಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ ಇವರ ಕಸುಬು ಹೆಸರಿನ ಮುಂದೆ ತಲೆಯೆತ್ತಿ ನಿಂತಿದೆ. ಮೇಲು ಕೀಳಿನ ಲೆಕ್ಕವನ್ನೇ ಈ ಪದ ಅಲ್ಲಾಡಿಸಿತ್ತು.

ಈಗ ಇದೇ ಮಾತು ಶಾಲೆಯ ಗೋಡೆ ಮೇಲೆ ಇರುತ್ತದೆ. ಓದುವ ಮಗುವಿಗೆ ಮುಟ್ಟುವುದು ‘ಹೇಳಿದ ಕೆಲಸ ಬಾಯಿ ಮುಚ್ಚಿಕೊಂಡು ಮಾಡು’ ಅಂತ. ಲಕ್ಕಮ್ಮನ ಪ್ರಶ್ನೆಯನ್ನು ಯಾರೂ ಗೋಡೆಗೆ ಬರೆಸುವುದಿಲ್ಲ, ಅಲ್ವಾ? ಪೌರಕಾರ್ಮಿಕರಿಗೆ ‘ಕಾಯಕಯೋಗಿ’ ಅಂತ ಶಾಲು ಹೊದಿಸಿ, ಸಂಬಳದ ಮಾತು ಬಂದಾಗ ಸುಮ್ಮನಾಗುವವರೂ ಇದ್ದಾರೆ. ಮಿತಿ, ಹಂಚಿಕೆ ಎರಡೂ ಉದುರಿ ಬರೀ ದುಡಿತ ಉಳಿದ ಮೇಲೆ ವರದಿಗಾರರನ್ನು ಮಾತ್ರ ಬೈದು ಏನು ಪ್ರಯೋಜನ?

ನನ್ನ ವಾದಕ್ಕೆ ಒಂದು ತೊಡಕೂ ಇದೆ. ವಚನಕಾರರಲ್ಲಿ ಕನ್ನದ ಮಾರಿತಂದೆ ಎಂಬವನಿದ್ದಾನೆ. ಶರಣನಾಗುವ ಮೊದಲು ಅವನು ಕಳ್ಳನಾಗಿದ್ದ ಎಂದು ಕಥೆ. ಕಸುಬು ಬಿಟ್ಟರೂ ಹೆಸರಿನಲ್ಲಿ ಕನ್ನ ಉಳಿಯಿತು. ಹಾಗಾದರೆ ‘ಕನ್ನದ ಕಾಯಕ’ ಎನ್ನುವುದು ಶರಣರ ಕಿವಿಗೆ ಅಷ್ಟೊಂದು ಕರ್ಕಶವಾಗಿರಲಿಲ್ಲವೇ?

ಬಲ್ಲವರು ತಿಳಿಸಿ. 1894ರ ಕಿಟೆಲ್ ಕೋಶ ಹತ್ತಿರವಿದ್ದವರು ‘ಕಾಯಕ’ಕ್ಕೆ ಅಲ್ಲಿ ಯಾವ ಅರ್ಥ ಕೊಟ್ಟಿದೆ ನೋಡಿ ಹೇಳುವಿರಾ? ವಿಜಯಪುರ, ಕಲಬುರಗಿ ಕಡೆಯವರು ಮನೆಮಾತಿನಲ್ಲಿ ಇದನ್ನು ಯಾವ ಕೆಲಸಕ್ಕೆ ಬಳಸುತ್ತೀರಿ, ಯಾವುದಕ್ಕೆ ಬಳಸುವುದೇ ಇಲ್ಲ?