ಗಂಧಕ ಹೆಚ್ಚಿರುವ ಫೀಡ್: ಕ್ರ್ಯಾಕಿಂಗ್ ಘಟಕದ ಡ್ರಮ್ಮಿನೊಳಗೆ ಗುಳ್ಳೆ ಮತ್ತು ನೀಲಿ ಕಲೆ

ಪ್ರಶ್ನೆ: ತೀರ್ಥಹಳ್ಳಿಯ ಎಂಜಿನಿಯರ್

ಹಿರಿಯರಿಗೆಲ್ಲ ನಮಸ್ಕಾರ. ನಾನು ತೀರ್ಥಹಳ್ಳಿಯವನು, ಹೊರರಾಜ್ಯದ ಒಂದು ತೈಲ ಸಂಸ್ಕರಣಾಗಾರದ ಎಫ್‌ಸಿಸಿ ಘಟಕದಲ್ಲಿ, ಅಂದರೆ ಭಾರವಾದ ತೈಲವನ್ನು ಬಿಸಿ ವೇಗವರ್ಧಕದಿಂದ ಒಡೆದು ಪೆಟ್ರೋಲ್, ಅನಿಲ ಮಾಡುವ ಕ್ರ್ಯಾಕಿಂಗ್ ಘಟಕದಲ್ಲಿ, ತಪಾಸಣೆಯ ಕೆಲಸ ಮಾಡುತ್ತಿದ್ದೇನೆ. ರಜೆಗೆ ಊರಿಗೆ ಬಂದಿದ್ದರೂ ಮನಸ್ಸೆಲ್ಲ ಅಲ್ಲೇ ಇದೆ.

ಎರಡು ವರ್ಷಗಳಿಂದ ನಮಗೆ ಅಗ್ಗದ, ಗಂಧಕ ಹೆಚ್ಚಿರುವ ಕಚ್ಚಾತೈಲ ಬರುತ್ತಿದ್ದು, ಕ್ರ್ಯಾಕಿಂಗ್‌ಗೆ ಹೋಗುವ ತೈಲದಲ್ಲಿ, ಅಂದರೆ ಫೀಡಿನಲ್ಲಿ, ಗಂಧಕದ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿಯಾಗಿದೆ. ಆದ್ದರಿಂದ ಬಿಸಿ ಇರುವ ಕಡೆಯೇ ಅಪಾಯವೆಂದು ತಿಳಿದು, ಮುಖ್ಯ ಫ್ರ್ಯಾಕ್ಷನೇಟರಿನ (ಒಡೆದ ತೈಲವನ್ನು ಬೇರ್ಪಡಿಸುವ ಗೋಪುರದ) ತಳದ ಪೈಪುಗಳ ದಪ್ಪವನ್ನು ತಪ್ಪದೆ ಅಳೆಯುತ್ತಾ ಬಂದೆವು. ಅಲ್ಲಿ ಹೇಳಿಕೊಳ್ಳುವಂಥ ಸವೆತ ಕಾಣಲಿಲ್ಲ. ಆದರೆ ಈ ಸಲದ ಶಟ್‌ಡೌನಿನಲ್ಲಿ ಗ್ಯಾಸ್ ಕಂಪ್ರೆಸರಿನ ಆಚೆಗಿರುವ ಹೈ ಪ್ರೆಶರ್ ಡ್ರಮ್ (ಅನಿಲ, ತೈಲ, ನೀರು ಬೇರ್ಪಡುವ ಉಕ್ಕಿನ ಪಾತ್ರೆ) ತೆರೆದಾಗ ಒಳಗೋಡೆಯಲ್ಲಿ ಹಳೆಯ ಎಂಟಾಣೆಯಷ್ಟು ಅಗಲದ ಗುಳ್ಳೆಗಳು ಎದ್ದಿದ್ದವು. ಗಾಳಿಯಾಡಿದ ಮೇಲೆ ಕಪ್ಪು ಪದರದ ಮೇಲೆ ಅಲ್ಲಲ್ಲಿ ಗಾಢ ನೀಲಿ ಬಣ್ಣ ಮೂಡಿತು. ಅಲ್ಟ್ರಾಸಾನಿಕ್ ಮೀಟರ್ ಒಂದು ಕಡೆ ಪೂರ್ತಿ ದಪ್ಪ ತೋರಿಸಿದರೆ ನಾಲ್ಕು ಬೆರಳು ಪಕ್ಕದಲ್ಲಿ ಅರ್ಧ ತೋರಿಸುತ್ತಿತ್ತು.

ತುಕ್ಕುನಿರೋಧಕ ರಾಸಾಯನಿಕವನ್ನು ಹೆಚ್ಚಿಸಿದರೆ ಸಾಕೆಂದು ಕೆಲವರು, ಎಲ್ಲವನ್ನೂ ಸ್ಟೇನ್‌ಲೆಸ್‌ಗೆ ಬದಲಿಸಬೇಕೆಂದು ಕೆಲವರು ಹೇಳುತ್ತಿದ್ದಾರೆ. ನಾನು ಎಲ್ಲಿಂದ ಶುರು ಮಾಡಲಿ?

ಉತ್ತರ: ನಿವೃತ್ತ ತಪಾಸಣಾ ಎಂಜಿನಿಯರ್, ಸಾಗರ

ನೀವು ಕಂಡ ನೀಲಿ ಬಣ್ಣವೇ ಅರ್ಧ ಉತ್ತರ ಹೇಳುತ್ತಿದೆ. ಅದು ಪ್ರಷ್ಯನ್ ಬ್ಲೂ, ಕಬ್ಬಿಣ ಮತ್ತು ಸಯನೈಡ್ ಕೂಡಿ ಹುಟ್ಟುವ ಬಣ್ಣ; ಅಂದರೆ ನಿಮ್ಮ ಡ್ರಮ್ಮಿನಲ್ಲಿ ಸಯನೈಡ್ ಓಡಾಡಿದೆ.

ಹೈಡ್ರೋಟ್ರೀಟ್ ಮಾಡದ (ಹೈಡ್ರೋಜನ್‌ನಿಂದ ಗಂಧಕ ತೆಗೆಯದ) ಫೀಡ್ ಕ್ರ್ಯಾಕ್ ಆಗುವಾಗ ಅದರಲ್ಲಿರುವ ಗಂಧಕದ ಸುಮಾರು ಮೂರನೇ ಒಂದರಿಂದ ಅರ್ಧ ಭಾಗದವರೆಗೆ ಹೈಡ್ರೋಜನ್ ಸಲ್ಫೈಡ್ ಆಗಿ ಅನಿಲದೊಂದಿಗೆ ಮೇಲೆ ಹೋಗುತ್ತದೆ. ಫೀಡಿನ ಸಾರಜನಕದಲ್ಲಿ ಒಂದು ಪಾಲು ಅಮೋನಿಯಾ ಆಗುತ್ತದೆ, ಅದಕ್ಕಿಂತ ಚಿಕ್ಕ ಪಾಲು ಹೈಡ್ರೋಜನ್ ಸಯನೈಡ್ ಆಗುತ್ತದೆ. ಇವೆಲ್ಲವೂ ಒಣ ಅನಿಲದಲ್ಲಿ ಇರುವವರೆಗೆ ತೊಂದರೆ ಕಡಿಮೆ; ಕೂಲರಿನಲ್ಲಿ ತಣಿದು ನೀರು ಹುಟ್ಟಿದ ಕೂಡಲೇ ಅದರಲ್ಲಿ ಕರಗಿ ಕೆಲಸ ಶುರುಮಾಡುತ್ತವೆ. ನಮ್ಮ ಕಡೆ ಅಡಿಕೆ ಬೇಯಿಸುವ ಒಲೆಯ ಮೇಲಿನ ತಗಡನ್ನು ನೋಡಿರುತ್ತೀರಿ. ಬೆಂಕಿಗೆ ಹತ್ತಿರವಿರುವ ಜಾಗ ಗಟ್ಟಿಯಾಗಿಯೇ ಇದ್ದು, ಹಬೆ ತಣಿದು ಹನಿಯಾಗಿ ಇಳಿಯುವ ಅಂಚು ಮೊದಲು ತೂತಾಗಿರುತ್ತದೆ.

ಕ್ಷಾರೀಯ ನೀರಿನಲ್ಲಿ ಉಕ್ಕಿನ ಮೇಲೆ ಕಬ್ಬಿಣದ ಸಲ್ಫೈಡಿನ ಕಪ್ಪು ಪದರ ಕೂತು, ಅದೇ ಉಕ್ಕನ್ನು ಕಾಯುತ್ತದೆ. ಸಯನೈಡ್ ಆ ಪದರವನ್ನು ಕರಗಿಸಿಬಿಡುತ್ತದೆ. ಬರಿ ಮೈಯಾದ ಉಕ್ಕು ಮತ್ತೆ ಸವೆಯುತ್ತದೆ, ಸವೆಯುವಾಗ ಹುಟ್ಟಿದ ಹೈಡ್ರೋಜನ್ ಪರಮಾಣುಗಳು ತಟ್ಟೆಯೊಳಗೆ ನುಗ್ಗುತ್ತವೆ, ಒಳಗಿನ ಸೀಳಿನಲ್ಲಿ ಜೋಡಿಯಾಗಿ ಅನಿಲವಾಗುತ್ತವೆ. ಹೊರಬರಲು ದಾರಿಯಿಲ್ಲದ ಆ ಅನಿಲದ ಒತ್ತಡವೇ ನಿಮ್ಮ ಗುಳ್ಳೆ. ಅರ್ಧ ದಪ್ಪ ತೋರಿಸಿದ ಮೀಟರ್ ಸುಳ್ಳು ಹೇಳಿಲ್ಲ. ಅದು ತಟ್ಟೆಯ ನಡುವಿನ ಸೀಳನ್ನು ಕಂಡಿದೆ.

ಆದ್ದರಿಂದ ಮೊದಲು ವಾಶ್ ವಾಟರ್, ಅಂದರೆ ಈ ಕಲ್ಮಶಗಳನ್ನು ತೊಳೆಯಲು ಅನಿಲದೊಳಗೆ ಬಿಡುವ ನೀರನ್ನು ನೋಡಿ. ಗಂಧಕ ಇಮ್ಮಡಿಯಾದಾಗ ನೀರನ್ನೂ ಹೆಚ್ಚಿಸಿದಿರೋ, ಅಥವಾ ಹಳೆಯ ಹರಿವೇ ಇದೆಯೋ? ನೀರು ಆಮ್ಲಜನಕವಿಲ್ಲದ್ದಾಗಿರಬೇಕು, ಕೂಲರುಗಳ ಮುಂಚೆಯೇ ಅನಿಲದೊಳಗೆ ಚೆನ್ನಾಗಿ ಹರಡಿಕೊಳ್ಳಬೇಕು. ಡ್ರಮ್ಮಿನಿಂದ ತೆಗೆದ ನೀರಿನಲ್ಲಿ ಪಿಎಚ್, ಅಮೋನಿಯಾ, ಸಲ್ಫೈಡ್, ಸಯನೈಡ್ ನಾಲ್ಕನ್ನೂ ಒಟ್ಟಿಗೆ ಅಳೆಸಿ. ಪಿಎಚ್ 7.6ಕ್ಕಿಂತ ಮೇಲಿದ್ದು, ಸಲ್ಫೈಡಿನ ಜೊತೆಗೆ ಸಯನೈಡ್ 20 ಪಿಪಿಎಂ ದಾಟಿದರೆ ಹೈಡ್ರೋಜನ್ ಹಾನಿಯ ವಲಯ ಎಂದೇ ಪರಿಗಣಿಸುತ್ತಾರೆ.

ಉತ್ತರ: ಲೋಹಶಾಸ್ತ್ರಜ್ಞ, ಭದ್ರಾವತಿ

ಸಾಗರದವರು ಹೇಳಿದ್ದಕ್ಕೆ ಉಕ್ಕಿನ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ. ತಟ್ಟೆಯನ್ನು ರೋಲ್ ಮಾಡುವಾಗ ಅದರೊಳಗಿನ ಮ್ಯಾಂಗನೀಸ್ ಸಲ್ಫೈಡಿನ ಕಣಗಳು ಹಾಳೆಯಂತೆ ಚಪ್ಪಟೆಯಾಗುತ್ತವೆ, ಹೈಡ್ರೋಜನ್ ಬಂದು ಕೂರುವುದು ಅಲ್ಲಿಯೇ. ಗುಳ್ಳೆಯ ಮೇಲೆ ಹಾಗೆಯೇ ಬೆಸುಗೆ ಹಾಕಲು ಯಾರಿಗೂ ಬಿಡಬೇಡಿ. ಮೊದಲು ಕಾಯಿಸಿ ಹೈಡ್ರೋಜನ್ ಹೊರಹಾಕಿಸಿ. ಬೆಸುಗೆಯ ಗಡಸುತನ 200 ಬ್ರಿನೆಲ್ ಮೀರದಂತೆ ನೋಡಿಕೊಳ್ಳಿ.

ಎಲ್ಲವೂ ಸ್ಟೇನ್‌ಲೆಸ್ ಆಗಲಿ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಬಿಸಿಯಲ್ಲಿ ದುಡಿದು ಸೆನ್ಸಿಟೈಜ್ ಆದ (ಕಣಗಳ ಅಂಚಿನಲ್ಲಿ ಕ್ರೋಮಿಯಂ ಕಡಿಮೆಯಾಗಿ ದುರ್ಬಲವಾದ) ಸ್ಟೇನ್‌ಲೆಸ್ ಭಾಗಗಳ ಮೇಲಿನ ಸಲ್ಫೈಡ್ ಪದರಕ್ಕೆ ಶಟ್‌ಡೌನಿನಲ್ಲಿ ಗಾಳಿ ಮತ್ತು ತೇವ ತಗುಲಿದರೆ ಪಾಲಿಥಯೋನಿಕ್ ಆಮ್ಲ ಹುಟ್ಟಿ ಬಿರುಕು ಬಿಡುತ್ತದೆ. ಅದಕ್ಕೇ ತೆರೆಯುವ ಮುಂಚೆ ಸೋಡಾ ಆ್ಯಶ್ ದ್ರಾವಣದಿಂದ ತೊಳೆಯುತ್ತಾರೆ.

ಬಿಸಿ ಕಡೆಯನ್ನೂ ಮರೆಯಬೇಡಿ. ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಗಂಧಕ ಇಂಗಾಲದ ಉಕ್ಕನ್ನು ನೇರವಾಗಿಯೇ ತಿನ್ನುತ್ತದೆ, ಸಿಲಿಕಾನ್ 0.10 ಶೇಕಡಕ್ಕಿಂತ ಕಡಿಮೆ ಇರುವ ಹಳೆಯ ಪೈಪನ್ನಂತೂ ಬಹಳ ಬೇಗ. 2012ರ ಆಗಸ್ಟ್ 6ರಂದು ಕ್ಯಾಲಿಫೋರ್ನಿಯಾದ ರಿಚ್‌ಮಂಡ್ ರಿಫೈನರಿಯಲ್ಲಿ ಸೀಳಿದ್ದು ಅಂಥದೇ ಒಂದು ತುಂಡು. ಅದು ಕ್ರೂಡ್ ಘಟಕದ್ದಾದರೂ (ಕಚ್ಚಾತೈಲವನ್ನು ಮೊದಲು ಬಟ್ಟಿಯಿಳಿಸುವ ಕಡೆಯದ್ದಾದರೂ) ಕಾರಣ ಇಲ್ಲಿಗೂ ಸಲ್ಲುತ್ತದೆ. ಒಂದೇ ಸಾಲಿನಲ್ಲಿ ಪಕ್ಕಪಕ್ಕದ ತುಂಡುಗಳು ಬೇರೆ ಬೇರೆ ಉಕ್ಕಿನವಾಗಿರಬಹುದಾದ್ದರಿಂದ, ನಾಲ್ಕಾರು ಆಯ್ದ ಬಿಂದುಗಳ ಅಳತೆಯಿಂದ ನೆಮ್ಮದಿಪಡಬಾರದು; ಪ್ರತಿ ತುಂಡನ್ನೂ ಅಳೆಯಬೇಕು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞ. ಪಾಳಿಯಲ್ಲಿದ್ದ ಗೆಳೆಯನಿಗೆ ಫೋನ್ ಮಾಡಿ ವಿಚಾರಿಸಿದೆ. ವಾಶ್ ವಾಟರ್ ಹರಿವು ಹಳೆಯ ಫೀಡಿನ ಕಾಲದ್ದೇ ಆಗಿದೆ, ಸಯನೈಡ್ ಪರೀಕ್ಷೆ ನಿಯಮಿತ ಪಟ್ಟಿಯಲ್ಲೇ ಇಲ್ಲ. ಸಯನೈಡ್ ತಡೆಯಲು ಪಾಲಿಸಲ್ಫೈಡ್ ಹಾಕಿದರೆ ಉಪಯೋಗವಿದೆಯೇ?

ಉತ್ತರ: ನಿವೃತ್ತ ತಪಾಸಣಾ ಎಂಜಿನಿಯರ್, ಸಾಗರ

ಇದೆ. ಅಮೋನಿಯಂ ಪಾಲಿಸಲ್ಫೈಡ್ ಸಯನೈಡನ್ನು ನಿರುಪದ್ರವಿಯಾದ ಥಯೋಸಯನೇಟ್ ಆಗಿ ಬದಲಿಸುತ್ತದೆ. ಆದರೆ ಪಿಎಚ್ 8ರ ಮೇಲಿರಬೇಕು. ಕೆಳಗಿಳಿದರೆ ಗಂಧಕ ಬೇರ್ಪಟ್ಟು ನಳಿಕೆಗಳಲ್ಲಿ ಕಟ್ಟಿಕೊಳ್ಳುತ್ತದೆ. ಹೊರಬರುವ ನೀರಿನಲ್ಲಿ ತಿಳಿ ಹಳದಿ ಛಾಯೆ ಉಳಿದಿದ್ದರೆ ಪ್ರಮಾಣ ಸಾಕಾಗಿದೆ ಎಂದು ತಿಳಿಯಬಹುದು. ಆದರೆ ನೀರು ಸರಿಯಾಗುವ ಮೊದಲು ಇದನ್ನು ಹಾಕಬೇಡಿ. ತುಕ್ಕುನಿರೋಧಕದ ಮಾತು ಅದಕ್ಕೂ ನಂತರದ್ದು. ಡ್ರಮ್ಮಿನ ಹೊರಗೋಡೆಗೆ ಒಂದು ಹೈಡ್ರೋಜನ್ ಪ್ರೋಬ್ (ಉಕ್ಕಿನ ಮೂಲಕ ಹಾದುಬರುವ ಹೈಡ್ರೋಜನ್ ಅಳೆಯುವ ಸಾಧನ) ಕೂರಿಸಿ, ನೀರು ಹೆಚ್ಚಿಸುವ ಹಿಂದಿನ ದಿನದಿಂದಲೇ ಅದರ ಅಳತೆ ಬರೆದಿಡಿ. ಮೇಲಧಿಕಾರಿಗಳ ಮುಂದೆ ಇಡಲು ನಿಮಗೆ ಬೇಕಾಗುವುದು ಆ ಹಾಳೆಯೇ.