ಸ್ಟೇರಿಂಗ್ ತಿರುಗಿಸಿದ ಕೂಡಲೇ ಕಾರು ಕೈ ಕೊಡ್ತದೆ: ಸರ್ವೋ ಬದಲಿಸಬೇಕಾ, ಇಎಸ್‌ಸಿ ಬದಲಿಸಬೇಕಾ?

ಮಲ್ಪೆ_ಬೈಲು:

ಎಲ್ಲರಿಗೂ ನಮಸ್ಕಾರ, ಉಡುಪಿಯಿಂದ ಬರೆಯುತ್ತಿದ್ದೇನೆ. ನನ್ನ ಹತ್ತಿರ 1/10 ಸ್ಕೇಲಿನ ಒಂದು ಆರ್‌ಸಿ ಟ್ರಕ್ (ರಿಮೋಟಿನಲ್ಲಿ ಓಡಿಸುವ ಸಣ್ಣ ಗಾಡಿ) ಉಂಟು, ಫೋರ್ ವೀಲ್ ಡ್ರೈವ್, ಬ್ರಶ್ಡ್ ಮೋಟರ್, ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ನಾನೂ ಅಕ್ಕನ ಮಗನೂ ಭಾನುವಾರ ಬೆಳಿಗ್ಗೆ ಓಡಿಸುತ್ತೇವೆ. ಕೊಯ್ಲು ಮುಗಿದ ಮೇಲೆ ಮನೆ ಪಕ್ಕದ ಗದ್ದೆಯಲ್ಲಿ, ಉಳಿದ ದಿನ ಮಲ್ಪೆ ಬೀಚಿನಲ್ಲಿ, ಜನ ಬರುವ ಮೊದಲೇ.

ಹೋದ ತಿಂಗಳು ಎದುರಿನ ಚಕ್ರ ಗದ್ದೆಯ ಹುಣಿಗೆ ಜೋರಾಗಿ ಹೊಡೆದು ಹಳೆ ಸರ್ವೋದ (ಎದುರಿನ ಚಕ್ರ ಎಡಬಲ ತಿರುಗಿಸುವ ಸಣ್ಣ ಮೋಟರ್ ಪೆಟ್ಟಿಗೆ) ಪ್ಲಾಸ್ಟಿಕ್ ಗೇರು ಹಲ್ಲು ಉದುರಿತು. ಇನ್ನೊಮ್ಮೆ ಹೀಗಾಗಬಾರದು ಅಂತ 25 ಕೆಜಿಯ ಮೆಟಲ್ ಗೇರ್ ಡಿಜಿಟಲ್ ಸರ್ವೋ ತರಿಸಿ ಹಾಕಿದೆ. ಮೇಜಿನ ಮೇಲೆ ಚಕ್ರ ಎತ್ತಿ ಹಿಡಿದರೆ ಚಂದ ತಿರುಗುತ್ತದೆ. ನೆಲಕ್ಕೆ ಇಟ್ಟು, ನಿಂತಲ್ಲೇ ಪೂರ್ತಿ ತಿರುಗಿಸಿ ಥ್ರಾಟಲ್ ಕೊಟ್ಟರೆ ಮಾತ್ರ ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರಿನ ಲೈಟು ಆರುತ್ತದೆ. ಒಂದೆರಡು ಸೆಕೆಂಡ್ ಏನೂ ಇಲ್ಲ, ಮತ್ತೆ ತಾನಾಗಿ ಬರುತ್ತದೆ. ಮೊನ್ನೆ ಓಡುವಾಗಲೇ ಹೀಗಾಗಿ ಕಾರು ನೇರ ಅಲೆಯ ಕಡೆಗೆ ಹೋಯಿತು, ಹುಡುಗ ಓಡಿ ಹೋಗಿ ಹಿಡಿದ. ಅಲ್ಲಿ ಸಣ್ಣ ಮಕ್ಕಳು ಇದ್ದಿದ್ದರೆ ಏನು ಗತಿ ಅಂತ ಆಗಿನಿಂದ ಹೆದರಿಕೆ.

ಬ್ಯಾಟರಿ 2ಎಸ್ ಲಿಪೋ (ಎರಡು ಸೆಲ್ಲಿನ ಲಿಥಿಯಂ ಬ್ಯಾಟರಿ), 5000 ಎಂಎಎಚ್. ಇಎಸ್‌ಸಿ, ಅಂದರೆ ಮೋಟರಿನ ವೇಗ ನಿಯಂತ್ರಿಸುವ ಪೆಟ್ಟಿಗೆ, ಕಾರಿನ ಜೊತೆ ಬಂದದ್ದೇ. ಅದರ ಸ್ಟಿಕ್ಕರ್ ಅರ್ಧ ಹೋಗಿದೆ, ಬಿಇಸಿ 5 ವೋಲ್ಟ್ 1.5 ಆಂಪ್ ಅಂತ ಓದಲಿಕ್ಕೆ ಆಗುತ್ತದೆ. ಒಬ್ಬರು ರಿಸೀವರ್ ಹಾಳು ಅಂದರು, ಇನ್ನೊಬ್ಬರು ಸರ್ವೋ ಡೂಪ್ಲಿಕೇಟ್ ಅಂದರು. 3000 ರೂಪಾಯಿ ಒಳಗೆ ಏನು ಮಾಡಬಹುದು, ತಿಳಿದವರು ಹೇಳಿ.

ಸುರತ್ಕಲ್_ಸೋಲ್ಡರ್:

ಮೊದಲು ಒಂದು ಮಾತು, ರಿಸೀವರ್ ಬದಲಿಸಬೇಡಿ ಮಾರಾಯ್ರೇ, ಸುಮ್ನೆ ದುಡ್ಡು ದಂಡ. ಉತ್ತರ ನಿಮ್ಮ ಆ ಅರ್ಧ ಹರಿದ ಸ್ಟಿಕ್ಕರಿನಲ್ಲೇ ಉಂಟು. 1.5 ಆಂಪ್.

ಇಎಸ್‌ಸಿ ಮೋಟರಿಗೆ ಎಷ್ಟು ಆಂಪ್ ಕೊಡುತ್ತದೆ ಅಂತ ಎಲ್ಲರೂ ನೋಡುತ್ತಾರೆ. ಅದರೊಳಗಿನ ಬಿಇಸಿ, ಅಂದರೆ ಬ್ಯಾಟರಿಯ ವೋಲ್ಟೇಜ್ ಇಳಿಸಿ ಕೊಡುವ ಭಾಗ, ಎಷ್ಟು ಕೊಡುತ್ತದೆ ಅಂತ ಯಾರೂ ನೋಡುವುದಿಲ್ಲ. ರಿಸೀವರ್ ಮತ್ತು ಸರ್ವೋ ಎರಡೂ ಬದುಕುವುದು ಆ ಬಿಇಸಿಯಿಂದ. ಬರೇ 11 ಕೆಜಿಯ ಎಂಜಿ996ಆರ್ ಸರ್ವೋದ ಡೇಟಾಶೀಟಿನಲ್ಲೇ 6 ವೋಲ್ಟಿಗೆ ಸ್ಟಾಲ್ ಕರೆಂಟ್ 2.5 ಆಂಪ್ ಅಂತ ಇದೆ. ಸ್ಟಾಲ್ ಅಂದರೆ ಸರ್ವೋ ತಿರುಗಲಿಕ್ಕೆ ನೋಡುತ್ತದೆ, ಚಕ್ರ ಬಿಡುವುದಿಲ್ಲ, ಆ ಹೊತ್ತಿನಲ್ಲಿ ಎಳೆಯುವ ಕರೆಂಟು. ನಿಂತ ಕಾರಿನ ಚಕ್ರವನ್ನು ಮರಳಿನಲ್ಲಿ ತಿರುಗಿಸುವಾಗ ಸರ್ವೋಗೆ ಅತಿ ಹೆಚ್ಚು ಕಷ್ಟ. ಅದೇ ಕ್ಷಣಕ್ಕೆ ನೀವು ಥ್ರಾಟಲ್ ಕೊಟ್ಟರೆ ಮೋಟರೂ ಬ್ಯಾಟರಿಯನ್ನು ಜಗ್ಗುತ್ತದೆ. ವೋಲ್ಟೇಜ್ ಕುಸಿದು ರಿಸೀವರ್ ಕಂಗಾಲಾಗಿ ರೀಸ್ಟಾರ್ಟ್ ಆಗುತ್ತದೆ. ಮೇಜಿನ ಮೇಲೆ ಚಕ್ರಕ್ಕೆ ಭಾರ ಇಲ್ಲ, ಹಾಗಾಗಿ ಅಲ್ಲಿ ಎಲ್ಲ ಸರಿ ಕಾಣುತ್ತದೆ.

ನಂಬಿಕೆ ಬರದಿದ್ದರೆ ಒಂದು ಪರೀಕ್ಷೆ ಮಾಡಿ, ಖರ್ಚಿಲ್ಲ. ರೀಚಾರ್ಜ್ ಆಗುವ ಎಎ ನಿಕಲ್ ಸೆಲ್ 4 ತೆಗೆದುಕೊಂಡು ಹೋಲ್ಡರಿಗೆ ಹಾಕಿ, 4.8 ವೋಲ್ಟ್ ಆಗುತ್ತದೆ. ಇಎಸ್‌ಸಿಯಿಂದ ರಿಸೀವರಿಗೆ ಹೋಗುವ ಪ್ಲಗ್ಗಿನಿಂದ ನಡುವಿನ ಕೆಂಪು ವಯರನ್ನು ಮೆಲ್ಲ ಹೊರಗೆ ಎಳೆದು ಟೇಪ್ ಸುತ್ತಿ. ಆಮೇಲೆ ಸೆಲ್ಲಿನ ವಯರನ್ನು ರಿಸೀವರಿನ ಬ್ಯಾಟರಿ ಚಾನೆಲ್ಲಿಗೆ ಕೊಡಿ. ಈಗ ಲೈಟು ಆರದಿದ್ದರೆ ತಪ್ಪು ಬಿಇಸಿಯದ್ದೇ.

ತಪ್ಪು ಅದರದ್ದೇ ಆದರೆ ಇಎಸ್‌ಸಿ ಬದಲಿಸಬೇಕಂತಿಲ್ಲ. ಹೊರಗಿನಿಂದ ಒಂದು ಯುಬಿಇಸಿ (ಬೇರೆಯೇ ಆಗಿ ಸಿಗುವ ಬಿಇಸಿ) ಹಾಕಿ, 6 ವೋಲ್ಟ್ 5 ಆಂಪಿನದ್ದು, ಸ್ವಿಚಿಂಗ್ ಟೈಪ್. ಲೀನಿಯರ್ ಬೇಡ. ಯಾಕೆ ಅಂದರೆ ಲೀನಿಯರ್ ಬಿಇಸಿ ಹೆಚ್ಚಾದ ವೋಲ್ಟೇಜನ್ನು ಪೂರ್ತಿ ಬಿಸಿಯಾಗಿ ಬಿಡುತ್ತದೆ. ಫುಲ್ ಚಾರ್ಜಾದ 2ಎಸ್ ಅಂದರೆ 8.4 ವೋಲ್ಟ್, ಅದನ್ನು 5ಕ್ಕೆ ಇಳಿಸಿ 2 ಆಂಪ್ ಎಳೆದರೆ 6.8 ವಾಟ್ ಬಿಸಿ. ನಾಳೆ ನೀವು 3ಎಸ್ ಹಾಕಿದಿರಿ ಅಂತ ಇಟ್ಟುಕೊಳ್ಳಿ, 12.6 ವೋಲ್ಟಿನಿಂದ ಇಳಿಸಬೇಕು, 15 ವಾಟ್ ದಾಟಿತು. ನಮ್ಮ ಸಣ್ಣ ಸೋಲ್ಡರಿಂಗ್ ಐರನ್ನೇ 25 ವಾಟ್ ಅಲ್ವಾ, ಅದರ ಅರ್ಧಕ್ಕಿಂತ ಹೆಚ್ಚು ಬಿಸಿ ಒಂದು ಬೆರಳಿನಗಲದ ಪೆಟ್ಟಿಗೆಯಲ್ಲಿ.

ಕೊನೆಗೆ ಇಷ್ಟು. ಸರ್ವೋ 6 ವೋಲ್ಟ್ ತಡೆಯುತ್ತದಾ, ರಿಸೀವರ್ ತಡೆಯುತ್ತದಾ, ಎರಡರ ಲೇಬಲ್ಲನ್ನೂ ಓದಿಯೇ ಕೊಡಿ. ಇವತ್ತೇ ಫೇಲ್‌ಸೇಫ್ ಸೆಟ್ ಮಾಡಿ, ಸಿಗ್ನಲ್ ಹೋದರೆ ಥ್ರಾಟಲ್ ನ್ಯೂಟ್ರಲ್ಲಿಗೆ ಬರಬೇಕು. ಮಕ್ಕಳಿರುವ ಜಾಗದಲ್ಲಿ ಅದಿಲ್ಲದೆ ಓಡಿಸಲೇಬೇಡಿ.

ಕಂಕನಾಡಿ_ಕ್ರಾಲರ್:

ಸೋಲ್ಡರಣ್ಣ ಹೇಳಿದ್ದು ಸರಿ. ಆದರೆ ಸರ್ವೋ ವಿಷಯದಲ್ಲಿ ನನ್ನದು ಬೇರೆ ಮಾತುಂಟು. ಗದ್ದೆಯಲ್ಲಿ ಓಡುವ ಟ್ರಕ್ಕಿಗೆ 25 ಕೆಜಿ ಬೇಡ. ನಾನು ಮುರಕಲ್ಲಿನ ಮೇಲೆ ಕ್ರಾಲರ್ ಹತ್ತಿಸುವವ, ಚಕ್ರ ಎರಡು ಕಲ್ಲಿನ ಸಂದಿಗೆ ಸಿಕ್ಕಿಬಿದ್ದಾಗ ತಿರುಗಿಸಬೇಕು, ನನಗೆ 25 ಬೇಕು. ನಿಮಗೆ 12ರಿಂದ 15 ಧಾರಾಳ ಸಾಕು. ಅದರ ಬದಲು ಸ್ಪೀಡ್ ನೋಡಿ. 60 ಡಿಗ್ರಿ ತಿರುಗಲಿಕ್ಕೆ 0.20 ಸೆಕೆಂಡ್ ಬೇಕಾಗುವ ಸರ್ವೋಗೂ 0.12ರದ್ದಕ್ಕೂ ಕೈಯಲ್ಲಿ ದೊಡ್ಡ ವ್ಯತ್ಯಾಸ ಗೊತ್ತಾಗುತ್ತದೆ. ಆ ಹುಣಿ ತಪ್ಪಿಸಲಿಕ್ಕೆ ನಿಮಗೆ ಬೇಕಾದದ್ದು ಅದೇ.

ಕೆಜಿ ಲೆಕ್ಕ ಹಲವರಿಗೆ ಗೊಂದಲ. 25 ಕೆಜಿ ಅಂದರೆ ಶಾಫ್ಟಿನ ನಡುವಿನಿಂದ 1 ಸೆಂಟಿಮೀಟರ್ ದೂರದಲ್ಲಿ 25 ಕೆಜಿ. ಹಾರ್ನ್, ಅಂದರೆ ಶಾಫ್ಟಿಗೆ ಕೂರಿಸುವ ಸಣ್ಣ ಕೈ, 2 ಸೆಂಟಿಮೀಟರ್ ಉದ್ದ ಇದ್ದರೆ ಅದರ ತುದಿಯಲ್ಲಿ 12.5 ಮಾತ್ರ. ಇನ್ನೊಂದು, ನಿಮ್ಮ ಟ್ರಕ್ಕಿನಲ್ಲಿ ಸರ್ವೋ ಸೇವರ್ ಇರಬೇಕು, ಸ್ಪ್ರಿಂಗ್ ಇರುವ ಹಾರ್ನ್. ಆ ಸ್ಪ್ರಿಂಗ್ ಮೆದು ಇದ್ದರೆ ಎಷ್ಟು ದೊಡ್ಡ ಸರ್ವೋ ಹಾಕಿದರೂ ಆ ಬಲ ಚಕ್ರದ ತನಕ ಮುಟ್ಟುವುದೇ ಇಲ್ಲ, ಸ್ಪ್ರಿಂಗೇ ಬಗ್ಗುತ್ತದೆ. ಅದನ್ನು ತೆಗೆದು ಗಟ್ಟಿ ಮೆಟಲ್ ಹಾರ್ನ್ ಹಾಕುವ ಆಲೋಚನೆ ಮಾತ್ರ ಮಾಡಬೇಡಿ. ಮುಂದಿನ ಸಲ ಹುಣಿಗೆ ಹೊಡೆದಾಗ ಪೆಟ್ಟು ನೇರ ಗೇರಿಗೆ ಬೀಳುತ್ತದೆ.

ತಂದದ್ದನ್ನು ಬಿಸಾಡಿ ಅನ್ನುತ್ತಿಲ್ಲ. ಇದ್ದದ್ದನ್ನೇ ಇಟ್ಟುಕೊಳ್ಳಿ, ಎಂಡ್ ಪಾಯಿಂಟ್ (ಸರ್ವೋ ಎಷ್ಟರ ತನಕ ತಿರುಗಬೇಕು ಅನ್ನುವ ಮಿತಿ) ಮಾತ್ರ ಸರಿ ಮಾಡಿ. ಚಕ್ರ ಕೊನೆ ಮುಟ್ಟಿದ ಮೇಲೂ ಸರ್ವೋ ಗುಂಯ್ ಅಂತ ಇದ್ದರೆ ಅದು ಸ್ಟಾಲಿನಲ್ಲೇ ಉಂಟು ಅಂತ ಅರ್ಥ. ರಿಮೋಟಿನಲ್ಲಿ ಎಡಕ್ಕೂ ಬಲಕ್ಕೂ ಆ ಶಬ್ದ ನಿಲ್ಲುವ ತನಕ ಕಡಿಮೆ ಮಾಡಿ. ಹಾರ್ನ್ ಹಾಕುವ ಮೊದಲು ರಿಮೋಟಿನ ಟ್ರಿಮ್ (ಚಕ್ರದ ನಡು ಸರಿಪಡಿಸುವ ಸೆಟ್ಟಿಂಗ್) ಸೊನ್ನೆಗೆ ತಂದು, ಕರೆಂಟ್ ಕೊಟ್ಟು, ಸರ್ವೋ ನಡುವಿಗೆ ಬಂದ ಮೇಲೆ ಹಾಕಿ. ಹಾರ್ನಿನ ಹಲ್ಲೂ ಎಣಿಸಿ. ಈಗ ಜಾಸ್ತಿ ಬರುವುದು 25 ಹಲ್ಲು, ಆದರೆ 23, 24ರದ್ದೂ ಉಂಟು. ಒತ್ತಿ ಕೂರಿಸಿದರೆ ಒಳಗೆ ಸವೆದು ಹೋಗುತ್ತದೆ.

ಪಡುಬಿದ್ರಿ_ಉಪ್ಪುಗಾಳಿ:

ಬೀಚಿನಲ್ಲಿ ಓಡಿಸುತ್ತೀರಿ ಅಂತ ಓದಿದ ಮೇಲೆ ಸುಮ್ಮನಿರಲಿಕ್ಕೆ ಆಗಲಿಲ್ಲ. ಸರ್ವೋ ಪೆಟ್ಟಿಗೆಯಲ್ಲಿ ಐಪಿ67 ಅಂತ ಬರೆದಿದ್ದರೆ ಅದು 1 ಮೀಟರ್ ಆಳದ ಸಿಹಿನೀರಲ್ಲಿ ಅರ್ಧ ಗಂಟೆಯ ಲೆಕ್ಕ. ಸಮುದ್ರದ ನೀರಿಗೆ ಅದು ಭರವಸೆ ಅಲ್ಲ. ಉಪ್ಪು ಒಣಗಿ ಒಳಗೇ ಕೂರುತ್ತದೆ, ನಮ್ಮ ಊರಿನ ಗಾಳಿಯ ಪಸೆಯನ್ನು ಮತ್ತೆ ಎಳೆದುಕೊಳ್ಳುತ್ತದೆ, ನೀವು ಓಡಿಸದ ದಿನವೂ ತುಕ್ಕು ತಿನ್ನುತ್ತಾ ಇರುತ್ತದೆ. ನನ್ನ ಹಿಂದಿನ ಕಾರಿನಲ್ಲಿ ಮೊದಲು ಹೋದದ್ದು ಸರ್ವೋ ಅಲ್ಲ, ಮೋಟರೂ ಅಲ್ಲ. ಇಎಸ್‌ಸಿಯ ಆ ಸಣ್ಣ ಆನ್ ಆಫ್ ಸ್ವಿಚ್ಚು. ಒಳಗೆ ಹಸಿರು ಕಟ್ಟಿ ಓಡುವಾಗಲೇ ಬಂದ್ ಆಗುತ್ತಿತ್ತು, ನೋಡಿದರೆ ಥೇಟ್ ನಿಮ್ಮ ತೊಂದರೆಯ ಹಾಗೆಯೇ. ಹಾಗಾಗಿ ಪರೀಕ್ಷೆ ಮಾಡುವಾಗ ಸ್ವಿಚ್ಚನ್ನೂ ಬೆರಳಿನಿಂದ ಅಲ್ಲಾಡಿಸಿ ನೋಡಿ.

ಬೀಚಿನಿಂದ ಬಂದ ಕೂಡಲೇ ಬ್ಯಾಟರಿ ತೆಗೆದು, ಬಾವಿ ನೀರಲ್ಲಿ ಬಟ್ಟೆ ಅದ್ದಿ ಒರೆಸಿ, ಬ್ರಶ್ಶಿನಲ್ಲಿ ಮರಳು ತೆಗೆದು, ಫ್ಯಾನಿನಡಿ ಒಂದು ರಾತ್ರಿ ಇಡಿ. ಸರ್ವೋ ಶಾಫ್ಟಿನ ಬುಡಕ್ಕೆ ಚೂರು ಸಿಲಿಕಾನ್ ಗ್ರೀಸ್. ಜೂನ್‌ನಿಂದ ಸೆಪ್ಟೆಂಬರ್ ತನಕ ಬೀಚು ಬೇಡವೇ ಬೇಡ.

ಮಲ್ಪೆ_ಬೈಲು:

ಮೂವರಿಗೂ ತುಂಬ ಥ್ಯಾಂಕ್ಸ್. ನಿನ್ನೆ ಅಕ್ಕನ ಮಗನೇ ಕೂತು 4 ಸೆಲ್ಲಿನ ಪರೀಕ್ಷೆ ಮಾಡಿದ. ಹತ್ತು ನಿಮಿಷ ನಿಂತಲ್ಲೇ ತಿರುಗಿಸಿ ತಿರುಗಿಸಿ ಥ್ರಾಟಲ್ ಕೊಟ್ಟೆವು, ಲೈಟು ಒಮ್ಮೆಯೂ ಆರಲಿಲ್ಲ. ಸ್ವಿಚ್ ಅಲ್ಲಾಡಿಸಿದೆ, ಅದು ಸರಿ ಉಂಟು. ಎಂಡ್ ಪಾಯಿಂಟ್ ಬಲಕ್ಕೆ ತುಂಬ ಜಾಸ್ತಿ ಇತ್ತು, 78ಕ್ಕೆ ಇಳಿಸಿದ ಮೇಲೆ ಗುಂಯ್ ನಿಂತಿತು. ಫೇಲ್‌ಸೇಫ್ ಕೂಡ ಮಾಡಿ, ರಿಮೋಟ್ ಆಫ್ ಮಾಡಿ ನೋಡಿದೆವು, ಕಾರು ನಿಲ್ಲುತ್ತದೆ.

ಇವತ್ತು ಯುಬಿಇಸಿ ತಂದು ಬ್ಯಾಟರಿ ಕನೆಕ್ಟರಿನ ಹತ್ತಿರ ಸೋಲ್ಡರ್ ಮಾಡಿದೆ. ಈಗ ಒಂದೇ ಸಂಶಯ. ಇಎಸ್‌ಸಿ ಸ್ವಿಚ್ ಆಫ್ ಮಾಡಿದರೂ ಸರ್ವೋ ಜೀವಂತ ಇರುತ್ತದೆ, ರಿಸೀವರ್ ಲೈಟೂ ಉರಿಯುತ್ತದೆ. ಏನಾದರೂ ತಪ್ಪು ಜೋಡಿಸಿದೆನಾ?

ಸುರತ್ಕಲ್_ಸೋಲ್ಡರ್:

ತಪ್ಪಿಲ್ಲ. ಯುಬಿಇಸಿ ಸ್ವಿಚ್ಚನ್ನು ದಾಟದೆ ನೇರ ಬ್ಯಾಟರಿಯಿಂದ ತೆಗೆದುಕೊಳ್ಳುತ್ತದೆ, ಹಾಗಾಗಿ ಆ ಸ್ವಿಚ್ ಈಗ ಇಎಸ್‌ಸಿಗೆ ಮಾತ್ರ. ಆದರೆ ಇನ್ನು ಮುಂದೆ ಓಡಿಸಿ ಆದ ಮೇಲೆ ಬ್ಯಾಟರಿ ಪ್ಲಗ್ ಎಳೆಯುವುದನ್ನು ಮರೆಯಲೇಬಾರದು. ಮರೆತು ಮಲಗಿದರೆ ರಿಸೀವರ್ ಮೆಲ್ಲ ಮೆಲ್ಲ ಕುಡಿದು ಸೆಲ್ಲನ್ನು 3 ವೋಲ್ಟಿನ ಕೆಳಗೆ ಇಳಿಸುತ್ತದೆ, ಲಿಪೋ ಕತೆ ಅಲ್ಲಿಗೆ ಮುಗಿಯಿತು. ಇಎಸ್‌ಸಿಯ ಲೋ ವೋಲ್ಟೇಜ್ ಕಟ್ ಆಫ್ ಈಗ ಅದನ್ನು ತಡೆಯುವುದಿಲ್ಲ. ಆ ಕೆಲಸ ಹುಡುಗನಿಗೇ ವಹಿಸಿ, ಪ್ಲಗ್ ಎಳೆದ ಮೇಲೆಯೇ ಟ್ರಕ್ ಚೀಲಕ್ಕೆ ಹೋಗಲಿ.