ಪದಚರ್ಚೆ: ಐರನ್ ಮ್ಯಾನ್ ತೊಡುವುದು ಕವಚವೋ, ಜೋಡೋ?

ಗೆಳೆಯರೇ, ನಮಸ್ಕಾರ.

ಒಂದು ಪದ ಕೇಳೋಣ ಅಂತ ಬರೆಯಲು ಕೂತೆ. ಬರೆಯುತ್ತಾ ಅದು ನಾಲ್ಕೈದು ಪದಗಳಾಗಿವೆ. ಸ್ವಲ್ಪ ಉದ್ದವಾದರೂ ದಯವಿಟ್ಟು ಓದಿ.

ಈ ದಸರೆಗೆ ಮನೆಯಲ್ಲಿ ಗೊಂಬೆ ಕೂರಿಸಿದಾಗ ಕೆಳಗಿನ ಮೆಟ್ಟಿಲನ್ನು ಮಗಳಿಗೆ ಬಿಟ್ಟುಕೊಟ್ಟೆವು. ಅವಳು ತನ್ನ ಚಿಕ್ಕಪ್ಪನ ಶೋಕೇಸಿನಿಂದ ನಾಲ್ಕು ಐರನ್ ಮ್ಯಾನ್‌ಗಳನ್ನು ತಂದು ನಿಲ್ಲಿಸಿದಳು. ಐರನ್ ಮ್ಯಾನ್ ಅಂದರೆ ಲೋಹದ ಉಡುಪು ತೊಟ್ಟು ಹಾರುವ ಕಾಮಿಕ್ಸ್, ಸಿನಿಮಾಗಳ ನಾಯಕ. ಅವನ ಒಂದೊಂದು ಉಡುಪಿಗೂ ಒಂದು ‘ಮಾರ್ಕ್’ ಅಂಕೆ ಇದೆ. ಅವಳು ತಂದವು ಮಾರ್ಕ್ 1, ಮಾರ್ಕ್ 3, ಮಾರ್ಕ್ 42, ಮಾರ್ಕ್ 50. ನನ್ನ ತಮ್ಮ ಇವನ್ನು ಹಲವು ವರ್ಷಗಳಿಂದ ಕೂಡಿಸುತ್ತಿದ್ದಾನೆ. ನೋಡಲು ಬಂದವರಿಗೆ ತಿಳಿಯಲಿ ಅಂತ ಪ್ರತಿಯೊಂದರ ಮುಂದೆ ಒಂದು ಚೀಟಿ ಇಡಬೇಕು, ಅದೂ ಕನ್ನಡದಲ್ಲೇ ಇರಬೇಕು ಎಂದು ಮಗಳು ಹಟ ಹಿಡಿದಳು. ಒಂದು ಚೀಟಿಗೆ ಐದು ಸಾಲು. ಅರ್ಧ ಗಂಟೆಯ ಕೆಲಸ ಅಂದುಕೊಂಡಿದ್ದೆ. ಮೂರು ಸಂಜೆ ಹಿಡಿಯಿತು.

ಮೊದಲು ಎಡವಿದ್ದು ವಸ್ತುವಿನ ಹೆಸರಿನಲ್ಲೇ. ಕೂಡಿಸುವವರು ಇದಕ್ಕೆ ‘ಫಿಗರ್’ ಅನ್ನುತ್ತಾರೆ. ಆದರೆ ನಮ್ಮ ಮಾತಿನಲ್ಲಿ ಆ ಪದ ಬೇರೆ ಅರ್ಥ ಹಿಡಿದು ಕೂತಿದೆ. ಅದು ಕಾಲೇಜು ಹುಡುಗರು ಚೆಂದದ ಹುಡುಗಿಗೆ ಅನ್ನುವ ಮಾತು. ಮಗಳ ಚೀಟಿಯಲ್ಲಿ ಅದನ್ನು ಬರೆಯಲು ನನಗೆ ಮನಸ್ಸಾಗಲಿಲ್ಲ. ‘ಗೊಂಬೆ’ ಅಂತ ಬರೆದೆ. ತಮ್ಮ ಒಪ್ಪಲಿಲ್ಲ. “ಅಣ್ಣಾ, ಗೊಂಬೆ ಅಂದ್ರೆ ಮಕ್ಕಳಾಟ ಅಂದ್ಕೋತಾರೆ” ಎಂದ. ಅವನ ಮಾತಿನಲ್ಲಿ ನೋವಿತ್ತು. ಆ ಮಾರ್ಕ್ 3ರ ಬಹುಪಾಲು ಲೋಹದ ಎರಕ. ಕೈಯಲ್ಲಿ ಹಿಡಿದರೆ ಭಾರ ಗೊತ್ತಾಗುತ್ತದೆ. ವಾಚಿನ ಸೆಲ್ಲು ಹಾಕಿದರೆ ಕಣ್ಣು, ಎದೆ, ಅಂಗೈ ಬೆಳಗುತ್ತವೆ. ಹಾಂಗ್‌ಕಾಂಗ್‌ನ ಹಾಟ್ ಟಾಯ್ಸ್ ಕಂಪನಿಯ ಕೆಲಸ ಅದು. ಅಷ್ಟು ಕುಸುರಿ ಇರುವ ವಸ್ತುವನ್ನು ಆಟಿಕೆ ಅಂದರೆ ಬೇಜಾರಾಗುವುದು ಸಹಜ.

ಆದರೂ ‘ಗೊಂಬೆ’ ಬರೀ ಮಕ್ಕಳ ಪದ ಅಲ್ಲ ಅನ್ನುವುದು ನನ್ನ ವಾದ. ಮಕ್ಕಳದ್ದು ‘ಆಟಿಕೆ’. ಗೊಂಬೆ ದೊಡ್ಡ ಪದ. ಮದುವೆಯಲ್ಲಿ ಕೊಡುವ ಪಟ್ಟದ ಗೊಂಬೆ ಇದೆ. ರಾತ್ರಿಯಿಡೀ ರಾಮಾಯಣ ಆಡಿಸುವ ತೊಗಲುಗೊಂಬೆ ಇದೆ. ಅವನ್ನು ಮಕ್ಕಳಾಟ ಅಂತ ಯಾರೂ ಅನ್ನುವುದಿಲ್ಲ. ನಮ್ಮ ಮೆಟ್ಟಿಲ ಮೇಲೆ ಮುಟ್ಟಬೇಡಿ ಅಂತ ಕಾಯುವುದೂ ಗೊಂಬೆಗಳನ್ನೇ ಅಲ್ವಾ?

ಜಗಳ ಬಿಡಿಸಿದ್ದು ಅಮ್ಮ. ಅವರು ಮಾರ್ಕ್ 3ರ ಮೊಣಕೈ ಮಡಿಸಿ, ಕುತ್ತಿಗೆ ತಿರುಗಿಸಿ ನೋಡಿ, “ಇದು ಕೀಲುಗೊಂಬೆ ಕಣೋ” ಎಂದರು. ನನಗೆ ಥಟ್ಟನೆ ಖುಷಿಯಾಯಿತು. ನಿಘಂಟಿನಲ್ಲಿರುವ ಪದ. ನಾನು ಓದಿದ್ದೆ, ಬಳಸಿರಲಿಲ್ಲ ಅಷ್ಟೆ. ಕೀಲು ಅಂದರೆ ಸಂದು. ಕೀಲುನೋವು ಅನ್ನುತ್ತೇವಲ್ಲ, ಅದೇ ಕೀಲು. ಭುಜ, ಮೊಣಕೈ, ಮಣಿಕಟ್ಟು, ಸೊಂಟ, ಮಂಡಿ, ಹರಡು, ಎಲ್ಲ ಕಡೆ ಬಾಗುವ ಗೊಂಬೆಗೆ ಇದಕ್ಕಿಂತ ಒಳ್ಳೆಯ ಪದ ಎಲ್ಲಿ ಸಿಗುತ್ತದೆ? ಒಂದೇ ಅಳುಕು ಇದೆ. ಕೆಲವರಿಗೆ ಕೀಲುಗೊಂಬೆ ಅಂದರೆ ಕೀ ಕೊಟ್ಟರೆ ಓಡುವ ಗೊಂಬೆ ನೆನಪಾಗಬಹುದು. ಇನ್ನೊಬ್ಬರು ಆಡಿಸಿದಂತೆ ಆಡುವವನು ಅನ್ನುವ ಛಾಯೆಯೂ ಇದೆ. ನಿಮ್ಮ ಕಿವಿಗೆ ಯಾವ ಅರ್ಥ ಮೊದಲು ಬರುತ್ತದೆ, ತಿಳಿಸಿ.

ಈಗ ಮುಖ್ಯ ವಿಷಯ. ಅವನು ತೊಡುವುದಕ್ಕೆ ಏನನ್ನಬೇಕು?

ಮಾತಿನಲ್ಲಿ ಎಲ್ಲರೂ ‘ಸೂಟ್’ ಅನ್ನುತ್ತಾರೆ. ಬರಹದಲ್ಲಿ ‘ಕವಚ’ ಅಥವಾ ‘ರಕ್ಷಾಕವಚ’. ನಾನೂ ನಾಲ್ಕು ಚೀಟಿಗಳಲ್ಲೂ ಕವಚ ಅಂತ ಬರೆದೆ. ಆಮೇಲೆ ಗೊಂಬೆಗಳನ್ನೇ ದಿಟ್ಟಿಸಿ ನೋಡುತ್ತಾ ಕೂತಾಗ ಅನುಮಾನ ಶುರುವಾಯಿತು. ಮಾರ್ಕ್ 1ಕ್ಕೂ ಮಾರ್ಕ್ 50ಕ್ಕೂ ಒಂದೇ ಪದ ಸರಿ ಹೊಂದುತ್ತದೆಯೇ?

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಐರನ್ ಮ್ಯಾನ್ ಮೊದಲು ಬಂದದ್ದು 1963ರಲ್ಲಿ, ಅಮೆರಿಕದ ಮಾರ್ವೆಲ್ ಕಾಮಿಕ್ಸ್‌ನಲ್ಲಿ. ಆಗ ಅವನ ಉಡುಪು ಬೂದು ಬಣ್ಣದ ದಪ್ಪ ಉಕ್ಕಿನ ಡಬ್ಬದ ಹಾಗಿತ್ತು. ಮುಂದಿನ ಸಂಚಿಕೆಯಲ್ಲೇ ಅದಕ್ಕೆ ಚಿನ್ನದ ಬಣ್ಣ ಬಂತು. ಅದೇ ವರ್ಷದ ಕೊನೆಗೆ ಚಿತ್ರಕಾರ ಸ್ಟೀವ್ ಡಿಟ್ಕೊ ಅದನ್ನು ಸಪೂರ ಮಾಡಿ ಕೆಂಪು-ಹೊನ್ನಿನ ಬಣ್ಣ ಕೊಟ್ಟರು. ಇವತ್ತಿಗೂ ಉಳಿದಿರುವುದು ಆ ಜೋಡಿ ಬಣ್ಣವೇ.

ನಮ್ಮ ಮೆಟ್ಟಿಲ ಮೇಲಿರುವವು 2008ರಿಂದ ಬಂದ ಸಿನಿಮಾಗಳವು. ಮೊದಲನೆಯದರಲ್ಲಿ ಮುಂದೆ ಐರನ್ ಮ್ಯಾನ್ ಆಗುವ ಟೋನಿ ಸ್ಟಾರ್ಕ್ ಅಫ್ಘಾನಿಸ್ತಾನದ ಗುಹೆಯಲ್ಲಿ ಸೆರೆಯಾಗಿರುತ್ತಾನೆ. ಅಲ್ಲಿ ಕೈಗೆ ಸಿಕ್ಕ ಕ್ಷಿಪಣಿಗಳ ಬಿಡಿಭಾಗ ಬಡಿದು ಮಾರ್ಕ್ 1 ಕಟ್ಟುತ್ತಾನೆ. ಅದರ ಗೊಂಬೆಯಲ್ಲಿ ಬೆಸುಗೆಯ ಗುರುತು, ಬೋಲ್ಟು, ತುಕ್ಕು, ಮಸಿ, ಎಲ್ಲ ಎದ್ದು ಕಾಣುತ್ತವೆ. ಮಾರ್ಕ್ 2 ಬೆಳ್ಳಿ ಬಣ್ಣದ್ದು. ತುಂಬ ಎತ್ತರಕ್ಕೆ ಹಾರಿದಾಗ ಅದಕ್ಕೆ ಮಂಜು ಕಟ್ಟುತ್ತದೆ. ಹಾಗಾಗಿ ಮಾರ್ಕ್ 3ನ್ನು ಚಿನ್ನ ಮತ್ತು ಟೈಟೇನಿಯಂ ಬೆರಕೆಯಲ್ಲಿ ಮಾಡುತ್ತಾನೆ. ಅದನ್ನು ತೊಡುವಾಗ ಯಂತ್ರದ ತೋಳುಗಳು ಒಂದೊಂದೇ ತುಂಡು ತಂದು ಮೈಮೇಲೆ ಕೂರಿಸಿ ತಿರುಪು ಬಿಗಿಯುತ್ತವೆ. 2010ರ ಚಿತ್ರದ ಮಾರ್ಕ್ 5 ಸೂಟ್‌ಕೇಸಿನಿಂದ ಬಿಚ್ಚಿಕೊಳ್ಳುತ್ತದೆ. 2013ರ ಮಾರ್ಕ್ 42ರಲ್ಲಿ ಪ್ರತಿ ತುಂಡೂ ಬೇರೆ ಬೇರೆ ಹಾರಿ ಬಂದು ಮೈಗೆ ಸೇರುತ್ತದೆ. 2018ರ ಮಾರ್ಕ್ 50ರಲ್ಲಿ ತುಂಡುಗಳೇ ಇಲ್ಲ. ಎದೆಯಲ್ಲಿರುವ ಬಿಲ್ಲೆಯಿಂದ ನ್ಯಾನೊ ಕಣಗಳು ಹೊರಟು ಮೈಯೆಲ್ಲ ಹಬ್ಬುತ್ತವೆ.

ಕುಮಾರವ್ಯಾಸ ಭಾರತದ ಯುದ್ಧಪರ್ವಗಳನ್ನು ಓದಿದವರಿಗೆ ‘ಜೋಡು’ ಗೊತ್ತಿರುತ್ತದೆ. ಅಲ್ಲಿ ಜೋಡು ಅಂದರೆ ಕಾಳಗಕ್ಕೆ ಹೋಗುವವರು ಮೈಗೆ ತೊಡುವ ಉಕ್ಕಿನ ಉಡುಪು. ತಲೆಗೆ ಸೀಸಕ, ತೋಳಿಗೆ ಬಾಹುರಕೆ, ಕೈಯಲ್ಲಿ ಹರಿಗೆ, ಅಂದರೆ ಗುರಾಣಿ. ಒಂದೊಂದು ಅಂಗಕ್ಕೆ ಒಂದೊಂದು ತುಂಡು, ಒಂದೊಂದು ಹೆಸರು. ಜೋಡು ಅಂದ ತಕ್ಷಣ ‘ಜೋಡಿಸು’ ಕೂಡ ಕಿವಿಯಲ್ಲಿ ಗುನುಗುತ್ತದೆ. ಮಾರ್ಕ್ 1, ಮಾರ್ಕ್ 3 ಎರಡೂ ಜೋಡಿಸಿದವೇ. ತುಂಡು ತುಂಡಾಗಿ ಮಾಡಿ, ತುಂಡು ತುಂಡಾಗಿ ತೊಡುವಂಥವು. ಇವು ಜೋಡು.

ಕವಚ ಅಂದರೆ ನನಗೆ ಮೊದಲು ನೆನಪಾಗುವುದು ಕರ್ಣ. ಅವನ ಕವಚ ಹುಟ್ಟಿನಿಂದ ಬಂದದ್ದು, ಮೈಯೊಂದಿಗೇ ಬೆಳೆದದ್ದು. ಇಂದ್ರ ಬೇಡಿದಾಗ ಕರ್ಣ ಅದನ್ನು ಬಿಚ್ಚಿ ಕೊಡಲಿಲ್ಲ. ಕೊಯ್ದು ಕೊಟ್ಟ. ಎರಡನೆಯದಾಗಿ ನೆನಪಾಗುವುದು ದೇವಸ್ಥಾನದ ಬೆಳ್ಳಿ ಕವಚ. ಮೂರ್ತಿಯ ಮೈಗೆ ತಕ್ಕ ಹಾಗೆ ತಟ್ಟಿ ಮಾಡಿದ್ದು. ಎರಡರಲ್ಲೂ ಕವಚ ಮೈಯ ಆಕಾರವನ್ನೇ ಹಿಡಿದು ಒಂದಾಗಿ ಮುಚ್ಚುತ್ತದೆ. ಮಾರ್ಕ್ 50 ಇದೇ ಅಲ್ವಾ? ಅವನ ಎದೆಯಿಂದಲೇ ಹುಟ್ಟಿ ಮೈಯ ಮೇಲೆ ಚರ್ಮದ ಹಾಗೆ ಬೆಳೆಯುತ್ತದೆ. ಇದು ಕವಚ.

ಹಾಗಾಗಿ ನನ್ನ ಮಾತು ಇಷ್ಟು. ಈ ಗೊಂಬೆಗಳ ಸಾಲಿಗೆ ಕನ್ನಡದಲ್ಲಿ ಒಂದು ಪದ ಸಾಲದು, ಎರಡು ಬೇಕು. ಆ ಎರಡೂ ನಮ್ಮಲ್ಲಿವೆ. ಜೋಡು ಹೇಗೆ ಕವಚವಾಯಿತು ಅನ್ನುವುದೇ ಈ ಸಾಲಿನ ಕತೆ.

ಇದಕ್ಕೆ ಬರಬಹುದಾದ ಆಕ್ಷೇಪಗಳೂ ನನಗೆ ಗೊತ್ತು. ಹಳೆಯ ಕಾವ್ಯಗಳಲ್ಲಿ ಕವಚ ಎಲ್ಲ ವೀರರಿಗೂ ಬಳಕೆಯಾಗಿದೆ. ಕಟ್ಟಿ ಬಿಚ್ಚುವ ಕವಚವೂ ಇತ್ತು. ಪದದ ಅರ್ಥದಲ್ಲಿ ಈ ಗೆರೆ ಇದೆ ಅಂತ ನಾನು ಹೇಳುತ್ತಿಲ್ಲ. ಇವತ್ತು ನಮಗೆ ಬೇಕಾದ ಗೆರೆಯನ್ನು ಆ ಎರಡು ಪದಗಳ ನಡುವೆ ಎಳೆಯಬಹುದು ಅನ್ನುತ್ತಿದ್ದೇನೆ. ಇನ್ನೊಂದು ಆಕ್ಷೇಪ ಜಾಸ್ತಿ ಗಟ್ಟಿಯಾದದ್ದು. ಇವತ್ತು ಜೋಡು ಅಂದರೆ ಕಾಲಿನ ಚಪ್ಪಲಿ. ‘ಐರನ್ ಮ್ಯಾನ್ ಜೋಡು’ ಅಂತ ಬರೆದರೆ ಓದುವವರ ಕಣ್ಣು ಅವನ ಪಾದಕ್ಕೆ ಹೋಗುತ್ತದೆ. ಅದಕ್ಕೇ ಚೀಟಿಯಲ್ಲಿ ‘ಮೈಜೋಡು’ ಅಂತ ಬರೆದೆ. ಕಾಲಿಗೆ ಕಾಲ್ಜೋಡು, ಮೈಗೆ ಮೈಜೋಡು. ಬಂದವರಲ್ಲಿ ಯಾರೂ ಅರ್ಥ ಕೇಳಲಿಲ್ಲ. ಅದು ನನಗೆ ಧೈರ್ಯ ಕೊಟ್ಟಿತು.

ಬಿಡಿಭಾಗಗಳ ಹೆಸರಿಗೆ ಯಕ್ಷಗಾನದ ವೇಷದ ಮಾತು ನೆರವಾಯಿತು. ಎದೆಯ ತುಂಡಿಗೆ ಎದೆಕಟ್ಟು, ಹೆಗಲಿಗೆ ಭುಜಕೀರ್ತಿ, ತೋಳಿಗೆ ತೋಳ್ಕಟ್ಟು. ಚೌಕಿಯಲ್ಲಿ ವೇಷ ಕಟ್ಟುವುದನ್ನು ನೋಡಿದವರಿಗೆ ಮಾರ್ಕ್ 3 ತೊಡುವ ದೃಶ್ಯ ಹೊಸದಲ್ಲ. ಒಬ್ಬ ನಿಂತಿರುತ್ತಾನೆ, ಅವನ ಸುತ್ತ ಕೈಗಳು ಒಂದೊಂದೇ ತಂದು ಬಿಗಿಯುತ್ತವೆ. ‘ಭುಜಕೀರ್ತಿ’ ಕೇಳಿದ್ದೇ ತಮ್ಮ ಅರಳಿದ. ಗೊಂಬೆಗೆ ಅವನು ಕಡೆಗೂ ಒಪ್ಪಿದ್ದು ಆ ಪದದಿಂದಲೇ ಅನಿಸುತ್ತದೆ. ತಲೆಗೆ ಮಾತ್ರ ಸೀಸಕ ಬಿಟ್ಟು ಹೆಲ್ಮೆಟ್ ಅಂತಲೇ ಇಟ್ಟೆ. ಸೀಸಕ ಅಂದರೆ ಈಗ ಸೀಸ ನೆನಪಾಗುತ್ತದೆ. ಮುಖದ ಮೇಲೆ ಎತ್ತಿ ಇಳಿಸುವ ಭಾಗಕ್ಕೆ ‘ಮುಖವಾಡ’ ಅಂದೆ. ಸೋಗು ಅನ್ನುವ ಅರ್ಥ ಅದಕ್ಕೆ ಅಂಟಿದೆ, ನಿಜ. ಆದರೆ ದೇವರಿಗೆ ಹಾಕುವ ಬೆಳ್ಳಿ ಮುಖವಾಡದಲ್ಲಿ ಸೋಗೇನೂ ಇಲ್ಲವಲ್ಲ. ‘ತಗಡು’ ಬರೆಯಲು ಹೋಗಿ ಬಿಟ್ಟೆ. ಆ ಪದ ಈಗ ಬೈಗುಳವಾಗಿಬಿಟ್ಟಿದೆ.

ಎದೆಯ ಬೆಳಕಿಗೆ ‘ಎದೆಬಿಲ್ಲೆ’ ಚೆನ್ನಾಗಿ ಕೂತಿತು. ದುಂಡಗಿದೆ, ಚಪ್ಪಟೆಯಾಗಿದೆ. ಆದರೆ ಮಾರ್ಕ್ 6ರಲ್ಲಿ ಅದು ಮೂರು ಮೂಲೆಯದು. 2012ರ ಮಾರ್ಕ್ 7ರಲ್ಲಿ ಮತ್ತೆ ದುಂಡಗಾಗುತ್ತದೆ. ಮೂರು ಮೂಲೆಯದನ್ನು ಬಿಲ್ಲೆ ಅನ್ನಬಹುದೇ?

ಅಳತೆಯ ಬಗ್ಗೆ ಸುಮ್ನೆ ಒಂದು ಮಾತು. ಆರು ಅಡಿಯ ಆಳನ್ನು ಒಂದು ಅಡಿಗೆ ಇಳಿಸಿದ ಗೊಂಬೆಗೆ ‘ಆರಕ್ಕೊಂದರ ಅಳತೆ’ ಅಂತ ಬರೆದೆ. ಒಂದೂವರೆ ಅಡಿಯ ದೊಡ್ಡ ಗೊಂಬೆಗಳೂ ಸಿಗುತ್ತವೆ. ಅವುಗಳ ಅಳತೆ ನಾಲ್ಕಕ್ಕೊಂದು. ಕಾಲು, ಅರೆ, ಮುಕ್ಕಾಲು ಅನ್ನುವ ಭಾಷೆಗೆ ‘ಕಾಲಳತೆ’ ಸುಲಭ. ಆದರೆ ಅದನ್ನು ಕಾಲಿನ ಅಳತೆ ಅಂತ ಓದುವ ಅಪಾಯ ಇದೆ.

‘ಮಾರ್ಕ್’ ಪದವನ್ನು ಹಾಗೇ ಬಿಟ್ಟೆ. ಅದು ಸೈನ್ಯದ ಆಯುಧಗಳಿಗೆ ಮಾದರಿಯ ಅಂಕೆ ಕೊಡುವ ರೂಢಿಯಿಂದ ಬಂದದ್ದು. ಪಕ್ಕದ ಮನೆಯ ಹುಡುಗ ಚೀಟಿ ಓದಿ “ಇವನಿಗೆ 50 ಮಾರ್ಕ್ಸಾ?” ಎಂದು ಕೇಳಿದ. ಅವನಿಗೆ ಕೂತು ವಿವರಿಸಿದೆ. ‘ಮೂರನೇ ಮಾದರಿ’ ಅಂತ ಮಾಡಬಹುದಿತ್ತು. ಆದರೆ ಮಾರ್ಕ್ 3 ಈಗ ಆ ಗೊಂಬೆಯ ಹೆಸರೇ ಆಗಿದೆ. ಹೆಸರನ್ನು ಅನುವಾದಿಸಬಾರದು ಅಂತ ನನ್ನ ಅನಿಸಿಕೆ.

ಹಾಗೆಯೇ ಈ ಬದಲಾವಣೆಗಳಿಗೆ ‘ವಿಕಾಸ’ ಅನ್ನಲು ನನಗೆ ಇಷ್ಟವಾಗಲಿಲ್ಲ. ವಿಕಾಸ ತಾನಾಗಿ ಆಗುವಂಥದ್ದು. ಇಲ್ಲಿ ಒಬ್ಬ ಕುಶಲಿ ಹಿಂದಿನದರ ಕೊರತೆ ನೋಡಿ ಮುಂದಿನದರಲ್ಲಿ ತಿದ್ದುತ್ತಿದ್ದಾನೆ. ಮಂಜು ಕಟ್ಟಿತೇ, ಲೋಹ ಬದಲಿಸು. ಹೊತ್ತೊಯ್ಯಲು ಆಗಲಿಲ್ಲವೇ, ಮಡಿಸಿ ಸೂಟ್‌ಕೇಸ್ ಮಾಡು. ನಾನು ‘ತಿದ್ದಿಕೆ’ ಅಂತ ಬರೆದೆ. ಇದಕ್ಕಿಂತ ಒಳ್ಳೆಯದು ನಿಮಗೆ ಹೊಳೆದರೆ ಹೇಳಿ.

ಗೊಂಬೆ ಮಾಡುವವರ ಕಷ್ಟ ನನಗೆ ಅರ್ಥವಾದದ್ದು ಮಾರ್ಕ್ 50ರ ಚೀಟಿ ಬರೆಯುವಾಗ. ಮಾರ್ಕ್ 3ರಲ್ಲಿ ತುಂಡುಗಳ ನಡುವೆ ಹೇಗೂ ಸಂದು ಇದೆ. ಗೊಂಬೆಯ ಕೀಲನ್ನು ಆ ಸಂದಿನಲ್ಲೇ ಅಡಗಿಸಬಹುದು. ಆದರೆ ಅಲ್ಲಿ ಒಂದು ತುಂಡು ಇನ್ನೊಂದಕ್ಕೆ ತಾಗಿ ಮಂಡಿ ಪೂರ್ತಿ ಮಡಿಯುವುದಿಲ್ಲ. ಮಾರ್ಕ್ 50ರಲ್ಲಿ ಮೈ ನುಣುಪು. ಸಿನಿಮಾದಲ್ಲಿ ಅದಕ್ಕೆ ಸಂದೇ ಬೇಡ. ಗೊಂಬೆಗೆ ಮಾತ್ರ ಕೀಲು ಬೇಕೇ ಬೇಕು. ಹಾಗಾಗಿ ಕೀಲನ್ನು ಸ್ನಾಯುವಿನ ಗೆರೆಯಂತೆ ಕಾಣುವ ಕಡೆ ಬಚ್ಚಿಡುತ್ತಾರೆ. ಸಿನಿಮಾದಲ್ಲಿ ಕೈಯಿಂದಲೇ ಬೆಳೆಯುವ ಆಯುಧಗಳನ್ನು ಬಿಡಿಯಾಗಿ ಕೊಟ್ಟು, ಕೈ ಕಳಚಿ ಸಿಕ್ಕಿಸುವ ಹಾಗೆ ಮಾಡುತ್ತಾರೆ. ಅಂದರೆ ತೆರೆಯ ಮೇಲೆ ಕವಚವಾದದ್ದು ಗೊಂಬೆಯಲ್ಲಿ ಒಳಗೊಳಗೇ ಜೋಡಾಗಿ ಉಳಿದಿದೆ. ಇದನ್ನು ಕಂಡು ನನಗೆ ಆ ಕೆಲಸಗಾರರ ಮೇಲೆ ಗೌರವ ಹೆಚ್ಚಿತು.

ಕ್ರಿಯಾಪದಗಳೂ ಬೇರೆ ಬೇರೆ ಬೇಕಾದವು. ಜೋಡನ್ನು ‘ತೊಡುತ್ತಾನೆ’, ‘ಕಟ್ಟಿಸಿಕೊಳ್ಳುತ್ತಾನೆ’. ಮಾರ್ಕ್ 50ಕ್ಕೆ ಇವೆರಡೂ ಒಗ್ಗುವುದಿಲ್ಲ. ಕೊನೆಗೆ ‘ಕವಚ ಕವಿಯುತ್ತದೆ’ ಅಂತ ಬರೆದೆ, ಮೋಡ ಕವಿದ ಹಾಗೆ. ಕವಿ ಕನ್ನಡದ ಧಾತು, ಕವಚ ಸಂಸ್ಕೃತದ್ದು. ಎರಡಕ್ಕೂ ನಂಟಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಆದರೂ ಬಾಯಲ್ಲಿ ಚೆನ್ನಾಗಿ ಜೊತೆಯಾಗುತ್ತವೆ.

ನಿಮ್ಮಿಂದ ಬೇಕಾದದ್ದು ಮುಖ್ಯವಾಗಿ ಎರಡು. ನಿಮ್ಮ ಕಡೆ ‘ಜೋಡು’ ಪದವನ್ನು ಕಾಲಿಗೆ ಬಿಟ್ಟು ಮೈಮೇಲಿನ ಯಾವುದಕ್ಕಾದರೂ ಬಳಸುವುದನ್ನು ಕೇಳಿದ್ದೀರಾ? ವೀರಗಾಸೆ, ಬಯಲಾಟದ ವೇಷ ಹೊಲಿಯುವವರ ಬಾಯಲ್ಲಿ ಇದ್ದರೂ ಸರಿ, ಹಿರಿಯರ ಬೈಗುಳದಲ್ಲಿ ಇದ್ದರೂ ಸರಿ. ಕೇಳಿದ ಊರಿನ ಹೆಸರಿನ ಜೊತೆಗೆ ತಿಳಿಸಿ.

ಎರಡನೆಯದು ಮಾರ್ಕ್ 42ರದ್ದು. ಅದರ ತುಂಡುಗಳು ಎಲ್ಲಿಂದಲೋ ಹಾರಿ ಬಂದು, ಒಂದೊಂದೂ ತನ್ನ ಜಾಗ ಹುಡುಕಿ ಮೈಗೆ ಸೇರುತ್ತವೆ. ಅವನು ತೊಡುವುದಿಲ್ಲ, ಯಾರೂ ಕಟ್ಟುವುದಿಲ್ಲ, ಅದು ಕವಿಯುವುದೂ ಇಲ್ಲ. ‘ಕಚ್ಚಿಕೊಳ್ಳುತ್ತವೆ’ ಅಂತ ಬರೆದು ಹೊಡೆದುಹಾಕಿದೆ. ಇದಕ್ಕೆ ಯಾವ ಕ್ರಿಯಾಪದ ಬಳಸಲಿ? ಆ ಒಂದು ಚೀಟಿಯಲ್ಲಿ ಆ ಜಾಗ ಇನ್ನೂ ಖಾಲಿ ಇದೆ. ಮಗಳು ದಿನಾ ಕೇಳುತ್ತಿದ್ದಾಳೆ.